ದನಕುರಿಗಾಗಿ ದೂರದ ನೆಲ

ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿನಂಥ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಕುರಿ, ಮೇಕೆ ಅಥವಾ ಹಸು ಸಾಕುವ ಉದ್ದೇಶದಿಂದ ನೂರಾರು ಕಿಲೋಮೀಟರು ಆಚೆಯ ಹಳ್ಳಿಗಳಲ್ಲಿ ಜಮೀನು ಅರಸುವುದು ಕರ್ನಾಟಕದಲ್ಲಿ ಈಗ ಸಾಮಾನ್ಯ ಸಂಗತಿಯಾಗಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವುದು ಸಾಧ್ಯವಾಗಿರುವುದು, ಪಹಣಿಯಿಂದ ಹಿಡಿದು ಉಪಗ್ರಹ ಚಿತ್ರದವರೆಗೆ ಬೇಕಾದ ಮಾಹಿತಿಯೆಲ್ಲ ಮೊಬೈಲಿನ ಪರದೆಗೇ ಬಂದಿರುವುದು, ಮಾಂಸ ಮತ್ತು ಹಾಲಿಗೆ ನಗರಗಳಲ್ಲಿ ಬೇಡಿಕೆ ಕುಗ್ಗದಿರುವುದು ಈ ಹುಡುಕಾಟಕ್ಕೆ ಒಟ್ಟಾಗಿ ಇಂಬು ಕೊಟ್ಟಿವೆ. ಹುಡುಕುವುದು ಸುಲಭವಾಯಿತೆಂದ ಮಾತ್ರಕ್ಕೆ ಸರಿಯಾದುದನ್ನು ಆರಿಸುವುದು ಸುಲಭವಾಗಿಲ್ಲ. ಮನೆಯ ನಿವೇಶನ ನೋಡುವ ಕಣ್ಣಿನಿಂದಲೇ ಮಂದೆಯ ನೆಲವನ್ನೂ ನೋಡುವವರು ಎಕರೆಯ ಬೆಲೆ, ಹೆದ್ದಾರಿಯ ದೂರ, ಕಾಗದಪತ್ರದ ಶುದ್ಧತೆ ಇಷ್ಟನ್ನು ವಿಚಾರಿಸಿ ನಿಲ್ಲುತ್ತಾರೆ. ಬೇಸಿಗೆಯ ಕೊನೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಮಳೆ ಕೈಕೊಟ್ಟ ವರ್ಷ ಹುಲ್ಲನ್ನು ಯಾರಿಂದ ಕೊಳ್ಳಬೇಕು, ಹಸು ಈಯಲಾರದೆ ಒದ್ದಾಡುವ ರಾತ್ರಿ ಬಳಿಯಲ್ಲಿರುವವರು ಯಾರು ಎಂಬ ಪ್ರಶ್ನೆಗಳನ್ನು ಜಮೀನು ನೋಂದಣಿಯಾದ ಮೇಲೆ ಕೇಳಿಕೊಳ್ಳುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು: ಮೊದಲು ಪ್ರಾಣಿ, ಅನಂತರ ನೀರು ಮತ್ತು ಮೇವು, ಆಮೇಲೆ ಊರು, ಕಟ್ಟಕಡೆಗೆ ಸರ್ವೆ ನಂಬರು.

ಮಂದೆಗಾಗಿ ದೂರದ ನೆಲ ಅರಸುವುದು ಈ ನಾಡಿಗೆ ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ವ್ಯವಸ್ಥಿತವಾದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟನು. ಈ ದನಗಳಿಗಾಗಿ ಇಂದಿನ ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಉದ್ದಕ್ಕೂ ಕಾವಲುಗಳನ್ನು, ಅಂದರೆ ಉಳುಮೆಗೆ ಬಿಡದೆ ಕಾಯ್ದಿಟ್ಟ ಹುಲ್ಲುಗಾವಲುಗಳನ್ನು, ಗೊತ್ತುಮಾಡಲಾಗಿತ್ತು. ಈ ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆಯಿತ್ತು, ದನಗಳು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಉತ್ತರ ಕರ್ನಾಟಕದ ಕುರುಬರು ಇಂದಿಗೂ ತಮ್ಮ ಕುರಿಗಳನ್ನು ಹೀಗೆಯೇ ಸಾಗಿಸುತ್ತಾರೆ: ಮಳೆ ಹಿಡಿದಾಗ ಬಯಲಿಗೆ, ಬೆಳೆ ಕೊಯ್ಲಾದಾಗ ನೀರಾವರಿಯ ಹೊಲಗಳಿಗೆ ನಡೆಯುವ ಮಂದೆ ರಾತ್ರಿ ತಂಗಿದ ಹೊಲಕ್ಕೆ ಗೊಬ್ಬರ ಬೀಳುತ್ತದೆ, ಕುರಿಗಾರನಿಗೆ ಹೊಲದವರಿಂದ ಕಾಳು ಅಥವಾ ಹಣ ಸಿಗುತ್ತದೆ. ಯಾವ ಒಂದು ತುಂಡು ನೆಲವೂ ಹನ್ನೆರಡು ತಿಂಗಳೂ ಮಂದೆಯನ್ನು ಸಾಕಲಾರದು ಎಂಬ ಅರಿವೇ ಈ ಎರಡೂ ಪದ್ಧತಿಗಳ ಬುನಾದಿ. ಇಂದಿನ ಖರೀದಿದಾರ ಕೊಳ್ಳುವುದಾದರೋ ನಾಲ್ಕು ಮೂಲೆಗೆ ಕಲ್ಲು ನೆಟ್ಟ ತುಂಡನ್ನು. ಮಂದೆ ನಡೆದು ಪಡೆಯುತ್ತಿದ್ದುದನ್ನೆಲ್ಲ ಆ ತುಂಡೇ ಕೊಡಬೇಕು, ಇಲ್ಲವೇ ಹಣ ಕೊಟ್ಟು ಲಾರಿಯಲ್ಲಿ ತರಿಸಬೇಕು. ದೂರದಿಂದ ಬಂದು ಪಶುಪಾಲನೆ ಆರಂಭಿಸಿದವರಲ್ಲಿ ಅನೇಕರು ಸೋತು ಕೈಬಿಡುವುದು ಈ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕದಿರುವುದರಿಂದ.

ಲೆಕ್ಕ ಕಷ್ಟದ್ದೇನೂ ಅಲ್ಲ. ದಿನಕ್ಕೆ ಹತ್ತು ಲೀಟರಿನ ಆಸುಪಾಸು ಹಾಲು ಕೊಡುವ ಮಿಶ್ರತಳಿಯ ಹಸುವಿಗೆ ಹಿಂಡಿ, ಬೂಸಾಗಳ ಜೊತೆಗೆ ದಿನಕ್ಕೆ 25ರಿಂದ 30 ಕಿಲೋ ಹಸಿಮೇವು, 5ರಿಂದ 6 ಕಿಲೋ ಒಣಮೇವು ಬೇಕೆಂದು ಇಟ್ಟುಕೊಂಡರೆ, ಹತ್ತು ಹಸುಗಳಿಗೆ ವರ್ಷಕ್ಕೆ ನೂರು ಟನ್ನಿನಷ್ಟು ಹಸಿಮೇವು, ಇಪ್ಪತ್ತು ಟನ್ನಿನಷ್ಟು ಒಣಮೇವು ಬೇಕಾಗುತ್ತದೆ. ರೈತರು ಸೀಮೆಹುಲ್ಲು ಎಂದು ಕರೆಯುವ ನೇಪಿಯರ್ ಜಾತಿಯ ಬಹುವಾರ್ಷಿಕ ಹುಲ್ಲು, ಅಂದರೆ ಒಮ್ಮೆ ನೆಟ್ಟು ಹಲವು ವರ್ಷ ಕೊಯ್ಯಬಹುದಾದ ಮೇವು, ಒಳ್ಳೆಯ ಗೊಬ್ಬರ ಮತ್ತು ತಪ್ಪದ ನೀರು ಸಿಕ್ಕಾಗ ಎಕರೆಗೆ ವರ್ಷಕ್ಕೆ ಎಂಬತ್ತು, ನೂರು ಟನ್ನು ಬರುತ್ತದೆ. ಕರುಗಳನ್ನೂ ಹಾಲು ಬತ್ತಿದ ಹಸುಗಳನ್ನೂ ಸೇರಿಸಿಕೊಂಡರೂ ಹತ್ತು ಹಸುಗಳ ಹಸಿಮೇವಿಗೆ ಎರಡು ಮೂರು ಎಕರೆ ನೀರಾವರಿ ಸಾಕು. ನೀರಿಲ್ಲದ ಇಪ್ಪತ್ತು ಎಕರೆ ಖುಷ್ಕಿಯಿಂದ, ಅಂದರೆ ಮಳೆಯನ್ನೇ ನಂಬಿದ ಹೊಲದಿಂದ, ಆ ಕೆಲಸ ಆಗದು. ಅಗ್ಗಕ್ಕೆ ಸಿಗುತ್ತದೆಂದು ದೊಡ್ಡ ಬಯಲನ್ನು ಕೊಂಡು, ಬೇಲಿಗೇ ಬಂಡವಾಳ ಕರಗಿಸಿ, ಕೊನೆಗೆ ಮೇವನ್ನು ಹೊರಗಿನಿಂದ ಕೊಳ್ಳುವ ಸ್ಥಿತಿ ತಂದುಕೊಂಡವರು ಈ ಒಂದು ಲೆಕ್ಕವನ್ನು ಮುಂಚೆಯೇ ಮಾಡಿದ್ದರೆ ಕೊಳ್ಳುವ ಜಾಗವನ್ನೇ ಬದಲಿಸುತ್ತಿದ್ದರು.

ಮೇವಿನ ಲೆಕ್ಕ ನೇರವಾಗಿ ನೀರಿನ ಲೆಕ್ಕಕ್ಕೆ ಒಯ್ಯುತ್ತದೆ. ಹಾಲು ಕೊಡುವ ಹಸು ಬಿಸಿಲ ದಿನಗಳಲ್ಲಿ ಅರವತ್ತು ಎಂಬತ್ತು ಲೀಟರು ನೀರು ಕುಡಿಯುತ್ತದೆ, ಮೈತೊಳೆಯಲು ಮತ್ತು ಕೊಟ್ಟಿಗೆ ಗುಡಿಸಿ ತೊಳೆಯಲು ಇನ್ನಷ್ಟು ಬೇಕು. ಹತ್ತು ಹಸುಗಳಿಗೆ ದಿನಕ್ಕೆ ಸಾವಿರದಿಂದ ಒಂದೂವರೆ ಸಾವಿರ ಲೀಟರು ಎನ್ನಬಹುದು. ಆದರೆ ಬೇಸಿಗೆಯಲ್ಲಿ ಒಂದು ಎಕರೆ ಮೇವು ದಿನಕ್ಕೆ ನಾಲ್ಕೈದು ಮಿಲಿಮೀಟರಿನಷ್ಟು ನೀರನ್ನು ಹೀರಿ ಆವಿಯಾಗಿ ಬಿಡುತ್ತದೆ, ಅಂದರೆ ಹದಿನಾರರಿಂದ ಇಪ್ಪತ್ತು ಸಾವಿರ ಲೀಟರು. ಮಾರುವವನು ಕೊಳವೆಬಾವಿ ತೋರಿಸಿ "ಎರಡಿಂಚು ನೀರು" ಎಂದಾಗ, ಆ ಎರಡಿಂಚು ಏಪ್ರಿಲ್ ಕೊನೆಯಲ್ಲಿಯೂ ಬರುತ್ತದೆಯೇ, ಮೋಟಾರು ಸತತ ನಾಲ್ಕೈದು ಗಂಟೆ ಓಡಿದ ಮೇಲೂ ಅಷ್ಟೇ ಬರುತ್ತದೆಯೇ, ಕೃಷಿ ಪಂಪಿಗೆ ತ್ರೀಫೇಸ್ ವಿದ್ಯುತ್ತು ದಿನಕ್ಕೆ ಎಷ್ಟು ಗಂಟೆ ಮತ್ತು ಯಾವ ಹೊತ್ತಿನಲ್ಲಿ ಸಿಗುತ್ತದೆ ಎಂಬ ಮೂರನ್ನೂ ಕೂಡಿಸಿ ನೋಡಬೇಕು. ನೀರಿನ ಗುಣವೂ ಅಷ್ಟೇ ಮುಖ್ಯ: ಪಾವಗಡದಂಥ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದು ಮನುಷ್ಯರ ಹಲ್ಲುಮೂಳೆಗಳನ್ನು ಕೆಡಿಸುವಂತೆಯೇ ದನಗಳ ಹಲ್ಲುಮೂಳೆಗಳನ್ನೂ ಕೆಡಿಸುತ್ತದೆ. ನೆರೆಯ ಐದಾರು ಹೊಲಗಳ ಕೊಳವೆಬಾವಿಗಳು ಎಷ್ಟು ಆಳ, ಅವುಗಳಲ್ಲಿ ಎಷ್ಟು ಬತ್ತಿವೆ ಎಂದು ವಿಚಾರಿಸಿದರೆ ಕೊಳ್ಳಲಿರುವ ಜಮೀನಿನ ಮುಂದಿನ ಹತ್ತು ವರ್ಷದ ಕಥೆ ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಕರ್ನಾಟಕದ ಒಂದೊಂದು ಸೀಮೆಯೂ ಒಂದೊಂದು ಪ್ರಾಣಿಗೆ ಒಗ್ಗಿದೆ. ಶಿರಾ, ಹಿರಿಯೂರು, ಚಳ್ಳಕೆರೆ, ಪಾವಗಡದ ಬಯಲುಸೀಮೆ ಕಡಿಮೆ ಮಳೆಯದು. ಒಣಹವೆ ಕುರಿಮೇಕೆಗೆ ಹಿತ, ಜಾಲಿ ಮತ್ತು ಕುರುಚಲು ಹೇರಳ, ಶೇಂಗಾ ಬೆಳೆದ ವರ್ಷ ಅದರ ಹೊಟ್ಟು ಒಳ್ಳೆಯ ಮೇವು, ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದಂಥ ಹೆಸರಾದ ಕುರಿಸಂತೆ ಸಮೀಪ. ಇಲ್ಲಿ ಹೈನುಗಾರಿಕೆಯ ಕನಸು ಕಾಣುವವನು ನೀರಿಗಾಗಿ ನೆಲ ಕೊರೆಯುತ್ತಲೇ ಇರಬೇಕಾದೀತು. ಮಂಡ್ಯ, ಹಾಸನ, ರಾಮನಗರ ಮತ್ತು ತುಮಕೂರಿನ ದಕ್ಷಿಣ ಭಾಗಗಳಲ್ಲಿ ನಾಲೆಯ ನೀರು, ಕೆರೆಯ ಅಚ್ಚುಕಟ್ಟು, ರಾಗಿಹುಲ್ಲು, ಊರೂರಿಗೂ ಹಾಲು ಉತ್ಪಾದಕರ ಸಂಘ ಇರುವುದರಿಂದ ಹಸು ಸಾಕಲು ಅನುಕೂಲ ಹೆಚ್ಚು, ನೆಲದ ಬೆಲೆಯೂ ಹೆಚ್ಚು. ಬಾಗಲಕೋಟೆ, ಕೊಪ್ಪಳ, ರಾಯಚೂರು, ವಿಜಯಪುರಗಳು ಡೆಕ್ಕನಿ ಮತ್ತು ಕೆಂಗುರಿ ಕುರಿತಳಿಗಳ ಸೀಮೆ. ಬಿಳಿಜೋಳದ ಕಣಿಕೆ, ಅಂದರೆ ಒಣದಂಟಿನ ಮೇವು, ಸಿಗುತ್ತದೆ, ಅಮೀನಗಡದಂಥ ದೊಡ್ಡ ಸಂತೆಯಿದೆ. ಹೊರಗಿನಿಂದ ಬಂದವರು ಈ ಭಾಗದಲ್ಲಿ ಎಡವುವುದು ಮಣ್ಣಿನಲ್ಲಿ: ಎರೆ, ಅಂದರೆ ಕಪ್ಪು ಮಣ್ಣು, ಬೆಳೆಗೆ ಎಷ್ಟೇ ಒಳ್ಳೆಯದಾದರೂ ಮಳೆಗಾಲದಲ್ಲಿ ಕೆಸರಾಗಿ ಕುರಿಯ ಗೊರಸು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಕೊಟ್ಟಿಗೆಯ ಗೋಡೆಯನ್ನು ಸೀಳುತ್ತದೆ, ಹಸಿಯಿರುವಾಗ ಮೇವಿನ ಗಾಡಿಯನ್ನು ಒಳಗೆ ಬಿಡುವುದಿಲ್ಲ. ಕುರಿದೊಡ್ಡಿಗೆ ನೀರು ನಿಲ್ಲದ ಮಸಾರಿ, ಅಂದರೆ ಕೆಂಪು ಮರಳುಮಿಶ್ರಿತ ಮಣ್ಣಿನ ಎತ್ತರದ ಜಾಗ, ಬೆಲೆ ಸ್ವಲ್ಪ ಹೆಚ್ಚಾದರೂ ಮೇಲು.

ಮಲೆನಾಡಿನ ಹಸಿರು ದೂರದವರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುತ್ತದೆ, ಮೋಸವನ್ನೂ ಅದೇ ಹೆಚ್ಚು ಮಾಡುತ್ತದೆ. ಅಲ್ಲಿ ಮಳೆಗಾಲದಲ್ಲಿ ಬೆಳೆದು ನಿಲ್ಲುವ ಹುಲ್ಲು ಬೇಗ ಬಲಿತು ಸತ್ವ ಕಳೆದುಕೊಳ್ಳುತ್ತದೆ; ತಿಂಗಳುಗಟ್ಟಲೆ ಒದ್ದೆಯಾಗಿರುವ ನೆಲದಲ್ಲಿ ಹೊಟ್ಟೆಯ ಜಂತುಹುಳು, ಗೊರಸು ಕೊಳೆಯುವ ರೋಗ ಕುರಿಗಳನ್ನು ಬಾಧಿಸುತ್ತವೆ, ಉಣ್ಣೆಹುಳುಗಳ ಕಾಟವೂ ತಪ್ಪದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳಿಂದ ಮನುಷ್ಯರಿಗೆ ಹರಡುವಂಥದು. ಕಾಡಿಗೆ ಮೇಯಲು ಹೋದ ದನಗಳ ಮೈಗೆ ಹತ್ತಿ ಉಣ್ಣೆಗಳು ಕೊಟ್ಟಿಗೆಗೆ ಬರುತ್ತವೆ. ಈ ಹವೆಗೆ ಶತಮಾನಗಳಿಂದ ಒಗ್ಗಿದ್ದು ಮಲೆನಾಡು ಗಿಡ್ಡ ಎಂಬ ಪುಟ್ಟ ಹಸು. ಅದು ಕೊಡುವ ಹಾಲು ಕಡಿಮೆ, ಬೇಡುವುದೂ ಕಡಿಮೆ. ಹೆಚ್ಚು ಹಾಲಿನ ಮಿಶ್ರತಳಿಯನ್ನು ಅಲ್ಲಿಗೆ ಒಯ್ಯುವವರು ಕೊಟ್ಟಿಗೆ, ಔಷಧಿ, ಒಣಮೇವು ಮೂರಕ್ಕೂ ಬಯಲುಸೀಮೆಗಿಂತ ಹೆಚ್ಚು ಖರ್ಚು ಮಾಡಲು ಸಿದ್ಧರಿರಬೇಕು.

ಇಂಥ ಪರಿಶೀಲನೆಯಲ್ಲಿ ಬಹುಪಾಲನ್ನು ದೂರದಲ್ಲಿ ಕುಳಿತೇ ಮಾಡಬಹುದೆಂಬುದು ಈ ಕಾಲದ ದೊಡ್ಡ ಅನುಕೂಲ. ಭೂಮಿ ತಂತ್ರಾಂಶದಲ್ಲಿ ಪಹಣಿ, ಕಾವೇರಿ ತಂತ್ರಾಂಶದಲ್ಲಿ ನೋಂದಣಿಯ ವಿವರ, ದಿಶಾಂಕ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ನಿಂತ ಜಾಗದ ಸರ್ವೆ ನಂಬರು ಮತ್ತು ಅದರ ಸುತ್ತಲಿನ ನಕ್ಷೆ ದೊರೆಯುತ್ತವೆ. ಹೋಬಳಿವಾರು ಮಳೆಯ ಅಂಕಿಗಳನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಾಖಲಿಸುತ್ತದೆ. ಗೂಗಲ್ ಅರ್ತ್‌ನಲ್ಲಿ ಒಂದೇ ಜಾಗದ ಹಿಂದಿನ ವರ್ಷಗಳ ಚಿತ್ರಗಳನ್ನು ಹಿಂದುಮುಂದಾಗಿ ನೋಡಬಹುದಾದ್ದರಿಂದ, ಪಕ್ಕದ ಕೆರೆಯಲ್ಲಿ ಎಷ್ಟು ವರ್ಷ ನೀರಿತ್ತು, ಜಮೀನು ನಿಜಕ್ಕೂ ಸಾಗುವಳಿಯಲ್ಲಿತ್ತೇ, ಈಗ ತೋರಿಸುತ್ತಿರುವ ದಾರಿ ಮೊದಲಿನಿಂದಲೂ ಇದೆಯೇ ಎಂಬುದನ್ನು ಮಾರುವವರ ಮಾತಿನ ಹಂಗಿಲ್ಲದೆ ತಿಳಿಯಬಹುದು. ಯೂಟ್ಯೂಬಿನಲ್ಲಿ ಡ್ರೋನ್ ಹಾರಿಸಿ ತೋರಿಸುವ ಜಮೀನುಗಳ ಚಿತ್ರೀಕರಣ ಮುಂಗಾರಿನಿಂದ ದೀಪಾವಳಿಯವರೆಗಿನ ಹಸಿರಿನಲ್ಲಿ ಆಗಿರುವುದೇ ಹೆಚ್ಚು. ಜಮೀನು ನೋಡಲು ಹೋಗಬೇಕಾದ ಕಾಲ ಅದಲ್ಲ. ಶಿವರಾತ್ರಿ ಕಳೆದು ಮುಂಗಾರು ಇಳಿಯುವವರೆಗಿನ ಮೂರು ತಿಂಗಳಲ್ಲಿ ಒಮ್ಮೆ, ಜೋರು ಮಳೆ ಬಿದ್ದ ಮರುದಿನ ಇನ್ನೊಮ್ಮೆ ಅಲ್ಲಿ ನಿಂತು ನೋಡಿದವರಿಗೆ ಆ ನೆಲದ ಬರ ಮತ್ತು ಕೆಸರು ಎರಡೂ ಪರಿಚಯವಾಗಿರುತ್ತವೆ.

ಕಾಗದಪತ್ರಗಳ ವಿಷಯಕ್ಕೆ ಬರುವುದಾದರೆ, ಪಹಣಿ ಎಂದರೆ ಹಕ್ಕು, ಗೇಣಿ ಮತ್ತು ಬೆಳೆಯ ದಾಖಲೆ. ಅದರ 9ನೆಯ ಕಲಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಆ ಸ್ವತ್ತು ಅವರಿಗೆ ಬಂದ ಬಗೆ, 11ರಲ್ಲಿ ಸಾಲ, ಭೋಗ್ಯ, ತಡೆಯಾಜ್ಞೆಯಂಥ ಋಣಗಳು ಇರುತ್ತವೆ. ಖರೀದಿದಾರರು ಸಾಮಾನ್ಯವಾಗಿ 9ನ್ನು ಓದಿ ತೃಪ್ತರಾಗುತ್ತಾರೆ, ವ್ಯಾಜ್ಯ ಹುಟ್ಟುವುದು 10 ಮತ್ತು 11ರಲ್ಲಿ. ಸ್ವತ್ತು ಸರ್ಕಾರದ ಮಂಜೂರಾತಿಯಿಂದ ಬಂದಿದ್ದರೆ ಅದನ್ನು ಪಡೆದವರು ಯಾರು, ಮಾರಬಾರದೆಂಬ ಅವಧಿ ಮುಗಿದಿದೆಯೇ ಎಂದು ನೋಡಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು, ಅಂದರೆ ಬೇರೆಯವರ ವಶಕ್ಕೆ ಕೊಡುವುದನ್ನು, 1978ರ ಕಾಯ್ದೆ ನಿಷೇಧಿಸಿದೆ. ಜಮೀನನ್ನು ಮರಳಿ ಪಡೆಯಲು ಮೂಲ ಮಂಜೂರಾತಿದಾರರ ಕುಟುಂಬ ಸಲ್ಲಿಸುವ ಅರ್ಜಿಗೆ ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಇದು ನ್ಯಾಯವಾದ ಕಾನೂನು. ಅಗ್ಗದ ಬೆಲೆಯ ಹಿಂದೆ ಇಂಥ ಇತಿಹಾಸವಿದ್ದರೆ ಆ ಜಮೀನಿನಿಂದ ದೂರ ಸರಿಯುವುದು ಕೊಳ್ಳುವವರ ಹಿತಕ್ಕೂ ಸರಿ, ಧರ್ಮಕ್ಕೂ ಸರಿ.

ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲನ್ನು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಕೊಟ್ಟಿರುವುದರಿಂದ ಮದುವೆಯಾಗಿ ಬೇರೆ ಊರಿನಲ್ಲಿರುವ ಅಕ್ಕತಂಗಿಯರ ಸಹಿಯೂ ಕ್ರಯಪತ್ರಕ್ಕೆ ಬೇಕು. ವಂಶವೃಕ್ಷ ತರಿಸಿಕೊಂಡು ಒಬ್ಬೊಬ್ಬರ ಹೆಸರನ್ನೂ ತಾಳೆ ನೋಡಬೇಕು. ಒಂದೇ ಸರ್ವೆ ನಂಬರಿನಲ್ಲಿ ಹಲವರ ಪಾಲಿದ್ದು ಪೋಡಿ, ಅಂದರೆ ಅಳತೆ ಮಾಡಿ ಪ್ರತ್ಯೇಕ ಹಿಸ್ಸೆ ನಂಬರು ಕೊಡುವ ಕೆಲಸ, ಆಗದಿದ್ದರೆ ಭೂಮಾಪನ ಇಲಾಖೆಯ 11ಇ ನಕ್ಷೆಯಿಲ್ಲದೆ ಅದರ ಭಾಗವೊಂದು ನೋಂದಣಿಯಾಗದು. ಪಹಣಿಯ ವಿಸ್ತೀರ್ಣದಲ್ಲಿ ಖರಾಬು ಎಷ್ಟಿದೆ ಎಂಬುದನ್ನೂ ಬಿಡಿಸಿ ನೋಡಬೇಕು: "ಅ" ಖರಾಬು ಕಲ್ಲುಬಂಡೆಗಳಂಥ ಸಾಗುವಳಿಗೆ ಬಾರದ ನೆಲ, "ಬ" ಖರಾಬು ಹಳ್ಳ, ದಾರಿ, ಸ್ಮಶಾನಗಳಂಥ ಸಾರ್ವಜನಿಕ ನೆಲ; ಎರಡನೆಯದಕ್ಕೆ ಹಣ ಕೊಟ್ಟವರು ಇಲ್ಲದ ಹಕ್ಕನ್ನು ಕೊಂಡಂತೆ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಪಟ್ಟಾ ಜಮೀನಿನ ಜೊತೆಗೆ ಕುಮ್ಕಿಯನ್ನು, ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟವನ್ನು ಸೇರಿಸಿ ಎಕರೆ ಎಣಿಸುವುದುಂಟು. ಅವು ಸೊಪ್ಪು, ದರಕು, ಮೇವಿಗಾಗಿ ಬಳಸುವ ಸವಲತ್ತುಗಳೇ ಹೊರತು ಮಾಲೀಕತ್ವವಲ್ಲ. ಖುದ್ದಾಗಿ ಬರಲಾಗದವರಿಗೆ ಸುಲಭವೆಂದು ಜಿಪಿಎ, ಅಂದರೆ ಅಧಿಕಾರ ಪತ್ರ, ಬರೆಸಿಕೊಂಡು ವ್ಯವಹಾರ ಮುಗಿಸುವ ಸಲಹೆ ಬರುವುದುಂಟು. ಅಂಥ ಪತ್ರದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ.

ಇನ್ನೂ ದೂರದಿಂದ, ಅಂದರೆ ಅಮೆರಿಕ, ಕೊಲ್ಲಿ ದೇಶಗಳು ಅಥವಾ ಯುರೋಪಿನಿಂದ ಹುಡುಕುವ ಕನ್ನಡಿಗರಿಗೆ ಬೇರೆಯೇ ಕಾನೂನು ಅಡ್ಡ ಬರುತ್ತದೆ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಹಾಗೂ ಸಾಗರೋತ್ತರ ಭಾರತೀಯ ಪೌರತ್ವದ ಚೀಟಿ ಹೊಂದಿದವರು ಕೃಷಿ ಭೂಮಿ, ತೋಟದ ಭೂಮಿ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದು. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ಹೋದವೆಂಬ ಸುದ್ದಿ ಓದಿ ಈ ಕೇಂದ್ರ ನಿಯಮವೂ ಹೋಯಿತೆಂದು ಭಾವಿಸುವುದು ತಪ್ಪು. ಮಹಾರಾಷ್ಟ್ರದ ಗಡಿಯಲ್ಲಿ ಜಮೀನು ನೋಡುವವರಿಗೂ ಇಂಥದೇ ಎಚ್ಚರ ಬೇಕು, ಏಕೆಂದರೆ ಅಲ್ಲಿ ಕೃಷಿಕನಲ್ಲದವನು ಕೃಷಿ ಭೂಮಿ ಕೊಳ್ಳುವುದಕ್ಕೆ ನಿರ್ಬಂಧ ಇನ್ನೂ ಇದೆ.

ಕೊಳ್ಳುವ ಮೊದಲು ಎರಡು ವರ್ಷ ಗುತ್ತಿಗೆಗೆ ಹಿಡಿದು ನೋಡುವುದು ಎಲ್ಲಕ್ಕಿಂತ ವಿವೇಕದ ದಾರಿ ಎನಿಸುವುದು ಸಹಜ. ಕರ್ನಾಟಕದಲ್ಲಿ ಇದಕ್ಕೆ ಕಾನೂನಿನ ತೊಡಕಿದೆ. ಉಳುವವನನ್ನೇ ಹೊಲದೊಡೆಯನಾಗಿಸಿದ 1974ರ ಭೂಸುಧಾರಣೆ ಹೊಸ ಗೇಣಿಯನ್ನು, ಸೈನಿಕರು ಮತ್ತು ನಾವಿಕರಂಥ ಕೆಲವು ವಿನಾಯಿತಿಗಳನ್ನು ಬಿಟ್ಟು, ನಿಷೇಧಿಸಿತು. ಹಾಗಾಗಿ ಹಳ್ಳಿಗಳಲ್ಲಿ ನಡೆಯುವ ಗುತ್ತಿಗೆ, ಬೆಳೆ ಹಂಚಿಕೊಳ್ಳುವ ವಾರ, ಕೋರುಗಳೆಲ್ಲ ಬಾಯಿಮಾತಿನ ನಂಬಿಕೆಯ ಮೇಲೆ ನಿಂತಿವೆ. ಲಕ್ಷಾಂತರ ಗೇಣಿದಾರರಿಗೆ ನೆಲ ಕೊಟ್ಟ ಆ ಕಾನೂನಿನ ಘನತೆ ಎಂದೂ ಕುಂದದು. ಆದರೂ ಪಶುಪಾಲನೆಗೆ ಮೇವಿನ ಹೊಲವನ್ನು ಅಲ್ಪಾವಧಿಗೆ ದಾಖಲೆ ಸಹಿತ ಪಡೆಯಲು ಮಾರ್ಗವಿಲ್ಲದಿರುವುದು ಹೊಸಬರಿಗಷ್ಟೇ ಅಲ್ಲ, ಸ್ವಂತ ನೆಲವಿಲ್ಲದ ಹಳ್ಳಿಯ ಯುವಕರಿಗೂ ಅಡ್ಡಿಯಾಗಿದೆ. ಸದ್ಯಕ್ಕೆ ಉಳಿದಿರುವ ಪರಿಹಾರವೆಂದರೆ ನೆಲ ಹಿಡಿಯದೆ ಪ್ರಾಣಿಯಿಂದ ಆರಂಭಿಸುವುದು: ಮೆಚ್ಚಿದ ಊರಿನಲ್ಲಿ ಅನುಭವಿ ಸಾಕಣೆದಾರರೊಬ್ಬರ ದೊಡ್ಡಿಯಲ್ಲಿ ನಾಲ್ಕಾರು ಕುರಿ ಅಥವಾ ಒಂದೆರಡು ಹಸುವನ್ನು ಪಾಲಿಗೆ ಬಿಟ್ಟು, ಅಂದರೆ ಹುಟ್ಟಿದ ಮರಿಕರುಗಳನ್ನು ಹಂಚಿಕೊಳ್ಳುವ ಒಪ್ಪಂದದಲ್ಲಿ ಕೊಟ್ಟು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಹೋಗಿಬಂದು ಮಾಡಬೇಕು. ಆ ಅವಧಿಯಲ್ಲಿ ತಿಳಿಯುವ ಸಂಗತಿಗಳನ್ನು ಯಾವ ದಲ್ಲಾಳಿಯೂ ಹೇಳಲಾರ.

ಜಮೀನು ಕೊಂಡ ಮೇಲೂ ದೂರ ದೂರವೇ. ಪ್ರತಿದಿನ ಬೆಳಿಗ್ಗೆ ಸಂಜೆ ಹಾಲು ಕರೆಯುವ ಕೆಲಸಕ್ಕೆ ರಜೆಯಿಲ್ಲ. ಕುರಿ ಐದು ತಿಂಗಳಿಗೆ, ಹಸು ಒಂಬತ್ತು ತಿಂಗಳು ದಾಟಿ ಈಯುತ್ತದೆ, ಹೊತ್ತು ನೋಡಿ ಈಯುವುದಿಲ್ಲ. ವಾರಕ್ಕೊಮ್ಮೆ ಬಂದುಹೋಗುವ ಮಾಲೀಕರ ಪಶುಪಾಲನೆ ನಿಜದಲ್ಲಿ ಅಲ್ಲಿ ಉಳಿದಿರುವ ಕೆಲಸಗಾರರ ಪಶುಪಾಲನೆ. ಆ ಕುಟುಂಬಕ್ಕೆ ವಾಸಯೋಗ್ಯ ಮನೆ, ಮಕ್ಕಳಿಗೆ ನಡೆದು ಹೋಗುವಷ್ಟು ದೂರದಲ್ಲಿ ಶಾಲೆ, ಸರಿಯಾದ ಸಂಬಳ ಮತ್ತು ಲಾಭದಲ್ಲಿ ಪಾಲು ಇವೆಲ್ಲ ಜಮೀನಿನ ಆಯ್ಕೆಯ ಭಾಗವೇ ಆಗಬೇಕು. ಊರಿನ ಹಾಲಿನ ಸಂಘಕ್ಕೆ ಎಷ್ಟು ದೂರ ಎಂಬುದೂ ಹಾಗೆಯೇ, ಏಕೆಂದರೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ ಸಂಘಕ್ಕೆ ಹಾಕುವ ಹಾಲಿಗೆ ಮಾತ್ರ ಸಿಗುತ್ತದೆ. ಪಶು ಆಸ್ಪತ್ರೆಯ ಕಟ್ಟಡವಿದೆಯೇ ಎಂಬುದಕ್ಕಿಂತ ಅಲ್ಲಿ ವೈದ್ಯರ ಹುದ್ದೆ ತುಂಬಿದೆಯೇ, 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನ ಆ ಊರಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಕೇಳಬೇಕು. ಕಾಲುಬಾಯಿ ಜ್ವರ, ಚಪ್ಪೆ ರೋಗ, ಗಳಲೆ ರೋಗ, ಕುರಿಗಳ ಹಿರೇಬೇನೆ, ಕರುಳುಬೇನೆ ಇವು ಯಾವ ತಿಂಗಳು ಆ ಭಾಗದಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದು ಕುರಿಗಾಹಿಗಳಿಗೆ ಬಾಯಿಪಾಠವಾಗಿರುತ್ತದೆ. ತುಮಕೂರು, ಹಾಸನ, ಮೈಸೂರು ಕಡೆ ಚಿರತೆ, ಕೊಪ್ಪಳದ ಬಯಲಿನಲ್ಲಿ ತೋಳ ಸಹಜವಾಗಿ ಬಾಳುವ ಪ್ರಾಣಿಗಳಾದ್ದರಿಂದ ಮೇಲ್ಭಾಗವನ್ನೂ ಜಾಲರಿಯಿಂದ ಮುಚ್ಚಿದ ರಾತ್ರಿದೊಡ್ಡಿಯ ಖರ್ಚನ್ನು ಮೊದಲ ದಿನವೇ ಸೇರಿಸಿಕೊಳ್ಳಬೇಕು.

ಆಯವ್ಯಯದಲ್ಲಿ ಮರೆತುಹೋಗುವ ಇನ್ನೊಂದು ಬಾಬ್ತು ಗೊಡ್ಡುದನ ಮತ್ತು ಹೋರಿಗರುಗಳದು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಯಾದ ಮೇಲೆ ಹಾಲು ನಿಂತ ಹಸುಗಳನ್ನೂ ಹುಟ್ಟಿದ ಗಂಡುಕರುಗಳನ್ನೂ ಕೊನೆಯವರೆಗೆ ಸಾಕುವ ಹೊಣೆ ಸಾಕಣೆದಾರರದೇ ಆಗಿದೆ. ಹತ್ತು ಹಸುವಿನ ಕೊಟ್ಟಿಗೆ ಐದಾರು ವರ್ಷಗಳಲ್ಲಿ ಹದಿನೈದು ಇಪ್ಪತ್ತು ತಲೆಯ ಕೊಟ್ಟಿಗೆಯಾಗುತ್ತದೆ, ಹಾಲು ಕೊಡುವವು ಮಾತ್ರ ಆರೇಳೇ ಇರುತ್ತವೆ. ಸಹಾಯಧನವನ್ನು ನಂಬಿ ಗಾತ್ರ ಹಿಗ್ಗಿಸುವವರೂ ಇದನ್ನು ಗಮನಿಸಬೇಕು. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ಕುರಿಮೇಕೆ ಘಟಕಗಳಿಗೆ ಬಂಡವಾಳದ ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿವರೆಗೆ ನೆರವು ಇರುವುದು ನಿಜ. ಆದರೆ ಐನೂರು ಕುರಿಗಳನ್ನು ಕಟ್ಟಿ ಸಾಕುವ ಮೇವು, ನೀರು, ಜನ ಇಲ್ಲದ ಜಾಗಕ್ಕೆ ಆ ನೆರವು ಸಾಲದ ಹೊರೆಯನ್ನಷ್ಟೇ ತರುತ್ತದೆ.

ಇಷ್ಟೆಲ್ಲ ಆದಮೇಲೂ ಕೊಳ್ಳುವವರ ಕಣ್ಣಿಗೆ ಬೀಳದೆ ಉಳಿಯುವುದು ಗೋಮಾಳ. ಊರಿನ ದನಗಳು ಉಚಿತವಾಗಿ ಮೇಯಲೆಂದು ಕಾಯ್ದಿರಿಸಿದ ಸರ್ಕಾರಿ ನೆಲವಿದು. ನೂರು ಜಾನುವಾರಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ, ಇರಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಬಹುತೇಕ ಊರುಗಳಲ್ಲಿ ಅದು ಒತ್ತುವರಿಗೆ, ಮಂಜೂರಾತಿಗೆ, ಸರ್ಕಾರದ್ದೇ ಯೋಜನೆಗಳಿಗೆ ಕರಗಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದಾಗ ಸುತ್ತಲ ಹಳ್ಳಿಗಳ ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯವರೆಗೆ ಹೋದರು, ಏಕೆಂದರೆ ದಾಖಲೆಯಲ್ಲಿ ಖಾಲಿಯೆಂದು ಕಂಡ ಆ ಹುಲ್ಲುಗಾವಲು ಅವರ ಮಂದೆಗಳ ಬದುಕಾಗಿತ್ತು. ಗೋಮಾಳ ಉಳಿದಿರುವ ಊರನ್ನು ಹೊರಗಿನವರು ಆರಿಸಿಕೊಳ್ಳುವುದು ಸಹಜ, ಆದರೆ ನೂರಾರು ಕುರಿಗಳನ್ನು ತಂದು ಅಲ್ಲಿ ಬಿಟ್ಟರೆ ಒಂದೆರಡು ಮೇಕೆ ಸಾಕಿಕೊಂಡಿರುವ ಬಡಕುಟುಂಬದ ಪಾಲನ್ನು ಕಸಿದಂತಾಗುತ್ತದೆ. ಹೊಸ ಮಂದೆಯ ಮೇವು ಮುಖ್ಯವಾಗಿ ಸ್ವಂತ ನೆಲದಿಂದ ಬರಬೇಕೆಂಬ ನಿಯಮವನ್ನು ಯಾವ ಕಾಯ್ದೆಯೂ ವಿಧಿಸಿಲ್ಲ; ಬಂದವರು ತಾವೇ ವಿಧಿಸಿಕೊಳ್ಳಬೇಕು.

ಬೇಲಿಯ ಕಂಬ ನೆಡುವ ಮೊದಲು ಗ್ರಾಮನಕ್ಷೆಯನ್ನು ತರಿಸಿ ನೋಡಬೇಕು. ಅದರಲ್ಲಿ ಗುರುತಾಗಿರುವ ಕಾಲುದಾರಿ, ಬಂಡಿದಾರಿಗಳನ್ನು ಹಳ್ಳಿಗರು ನಕಾಶೆ ಕಂಡ ದಾರಿ ಎನ್ನುತ್ತಾರೆ. ಅವನ್ನು ಮುಚ್ಚಲು ಯಾವ ಮಾಲೀಕನಿಗೂ ಹಕ್ಕಿಲ್ಲ. ನಕ್ಷೆಯಲ್ಲಿಲ್ಲದಿದ್ದರೂ ಗೋಕಟ್ಟೆಗೆ, ಅಂದರೆ ದನಗಳು ನೀರು ಕುಡಿಯುವ ಸಣ್ಣ ಕಟ್ಟೆಗೆ, ತಲೆಮಾರುಗಳಿಂದ ಮಂದೆ ಇಳಿಯುವ ಜಾಡು ಅನೇಕ ಜಮೀನುಗಳ ನಡುವೆ ಹಾದಿರುತ್ತದೆ. ನಗರದಿಂದ ಬಂದವರು ತಂತಿ ಎಳೆದ ಮರುದಿನವೇ ಊರಿನೊಂದಿಗೆ ಮನಸ್ತಾಪ ಹುಟ್ಟುವುದು ಬಹಳಷ್ಟು ಸಲ ಈ ಜಾಡಿನ ವಿಷಯದಲ್ಲಿ. ಜಮೀನು ಕೊಳ್ಳುವವರು ಕ್ರಯಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಸಂಜೆ, ದನಕುರಿಗಳು ಮರಳುವ ಹೊತ್ತಿನಲ್ಲಿ, ಆ ಹೊಲದ ಬದುವಿನ ಮೇಲೆ ನಿಂತು ಯಾರ ಮಂದೆ ಯಾವ ಕಡೆಯಿಂದ ಹಾದುಹೋಗುತ್ತದೆ ಎಂದು ನೋಡಲಿ, ಗೊಲ್ಲರಹಟ್ಟಿಯ ಅಥವಾ ಕುರುಬರ ಕೇರಿಯ ಹಿರಿಯರನ್ನು ಕೇಳಿ ತಿಳಿಯಲಿ, ಆ ಜಾಡಿನಷ್ಟು ಅಗಲವನ್ನು ಬಿಟ್ಟು ಬೇಲಿ ಹಾಕಲಿ.